ಕಪಾಟಿನ್ಯಾಗ ಇಡೋ ಲೆನ್ಸ್ ಬ್ಯಾಡ್ರಿ

ಹೋದ ರವಿವಾರ ನಮ್ಮ ನಾದಿನಿ ಮಗಳ ಕುಬಸ ಇತ್ತು. ಊಟ ಆಗಿ, ಎಲಿ ತಗದು, ನಾವು ಹೆಂಗಸರೆಲ್ಲಾ ಅಡಗಿ ಮನ್ಯಾಗ ಉಳದ ಹೋಳಗಿ ಡಬ್ಬಿಗೆ ತುಂಬ್ಲಿಕ್ಕೆ ಹತ್ತಿದ್ವಿ. ಹಸರ ಬಳಿ ಹಾಕ್ಕೊಂಡ ಹುಡುಗಿ ಪಡಸಾಲ್ಯಾಗ ಕೂತ ಗಂಡಸರಿಗೆ ಒಂದ ಪ್ರಶ್ನೆ ಕೇಳಿದ್ಲು. "ಮನ್ಯಾಗ ಮಿರರ್‌ಲೆಸ್ ಕ್ಯಾಮೆರಾ ಅದ, ಅದರ ಜೋಡಿ ಬಂದಿದ್ದ ಝೂಮ್ ಅದ. ಕೂಸು ಹುಟ್ಟೋದ್ರಾಗ ಒಂದ ಸಣ್ಣ ಪ್ರೈಮ್ ಲೆನ್ಸ್ ತಗೋಬೇಕಂತ ಮಾಡೇನಿ. ಯಾವದ ತಗೊಳ್ಳಿ?"

ಪ್ರೈಮ್ ಅಂದ್ರ ಗೊತ್ತಿಲ್ಲದವರಿಗೆ ಹೇಳ್ತೇನಿ. ಝೂಮ್ ಆಗದ ಲೆನ್ಸು. ಒಂದ ನಂಬರು, ಅಷ್ಟ. ಹತ್ರ ಬೇಕಾದ್ರ ನಾವ ಹತ್ರ ಹೋಗಬೇಕು, ದೂರ ಬೇಕಾದ್ರ ನಾವ ಹಿಂದ ಸರೀಬೇಕು.

ಒಬ್ಬರು ಅಂದ್ರು, "ಕಣ್ಣ ಮುಚ್ಚಿ ಐವತ್ತು ತಗೋ. ನಮ್ಮ ಕಣ್ಣಿಗೆ ಹೆಂಗ ಕಾಣ್ತದೋ ಹಂಗ ಬರ್ತದ." ಇನ್ನೊಬ್ಬರು, "ಎಂಬತ್ತೈದು ತಗೋ, ಹಿಂದಿಂದೆಲ್ಲಾ ಬೆಣ್ಣಿ ಕರಗಿಧಂಗ ಕರಗಿ ಹೋಗ್ತದ." ಮೂರನೇದವರು ಪ್ರೈಮೂ ಬ್ಯಾಡ ಏನೂ ಬ್ಯಾಡ ಅಂದ್ರು. "70-200 ತಗೊಂಡ ಬಿಡು. ಮುಂದ ದಾಂಡೇಲಿಗೆ ಹೋದಾಗ ಹಕ್ಕಿ ಫೋಟೋ ತಗೀಬಹುದು."

ಅಡಗಿ ಮನ್ಯಾಗಿಂದ ನಾ ಎಲ್ಲಾ ಕೇಳ್ಲಿಕತ್ತಿದ್ದೆ. ಹುಡುಗಿ "ಸಣ್ಣ" ಅಂದಿದ್ಲು, ಅದು ಒಬ್ಬರ ಕಿವಿಗೂ ಬೀಳಲಿಲ್ಲ. ಬಾಣಂತಿ ಖೋಲಿ ಎಷ್ಟ ದೊಡ್ಡದದ ಅಂತ ಒಬ್ಬರೂ ಕೇಳ್ಲಿಲ್ಲ. ಕ್ಯಾಮೆರಾ ಹಿಡಿಯೋರು ಯಾರು ಅಂತನೂ ಕೇಳ್ಲಿಲ್ಲ. ಒಂದ ಕೈಯಾಗ ಕೂಸು, ಒಂದ ಕೈಯಾಗ ಕ್ಯಾಮೆರಾ ಹಿಡಿಯೋಕಿ ಅಕಿ. ದಾಂಡೇಲಿ ಹಕ್ಕಿ ಅಲ್ಲ.

ಅವತ್ತ ಬೀಗರ ಮುಂದ ಬಾಯಿ ಮುಚ್ಕೊಂಡ ಸುಮ್ಮನಿದ್ದೆ. ಇವತ್ತ ಬರೀತೇನಿ, ಯಾಕಂದ್ರ ಈ ಮಾತ ಕೇಳಿ ನಾನೂ ಒಮ್ಮೆ ಮೋಸ ಹೋಗೇನಿ.

ನನ್ನ ಭಿಶಿ ಎತ್ತಿದ ವರ್ಷ ಆ ರೊಕ್ಕದಾಗ ಕ್ಯಾಮೆರಾ ತಗೊಂಡೆ. ಮನ್ಯಾಗಿನ ತಿಳದವರೂ ಅಂಗಡಿಯವರೂ ಕೂಡೇ ಹೇಳಿದ್ದು ಅದ, "ಫಸ್ಟ್ ಲೆನ್ಸ್ ಅಂದ್ರ ಐವತ್ತು." ತಗೊಂಡೆ. ಲೆನ್ಸು ಒಂದ 415 ಗ್ರಾಂ. ಬ್ಯಾಟರಿ ಹಾಕಿದ ಕ್ಯಾಮೆರಾ 450 ಗ್ರಾಂ. ಎರಡೂ ಕೂಡಿ 865 ಗ್ರಾಂ, ಕೆಜಿ ಸಕ್ರಿ ಪುಡಕಿಗೆ ಸ್ವಲ್ಪ ಕಡಿಮಿ. ಉದ್ದ ನೋಡಿದ್ರ ಲೆನ್ಸ್ ಒಂದ ಹತ್ರಹತ್ರ ಒಂಬತ್ತ ಸೆಂಟಿಮೀಟರ್. ಅದಕ್ಕೊಂದ ಚೀಲ, ಚೀಲಕ್ಕೊಂದ ಜಾಗಾ, ಜಾಗಾ ಅಂದ್ರ ಕಪಾಟಿನ ಮ್ಯಾಲಿನ ಖಣ. ನಮ್ಮತ್ತಿ ಹಿತ್ತಲದಾಗ ಶಾವಿಗಿ ಹೊಸೀಲಿಕ್ಕೆ ಕೂತಾಗ ಆ ಚೀಲ ಇಳಿಸಿ, ಬಿಚ್ಚಿ, ಕವರ್ ತಗದು ಬರೋದ್ರಾಗ ಅವರು ಎದ್ದ ಹೋಗಿರ್ತಿದ್ರು. ಒಂದೆರಡ ಸಲ ಅಡಗಿ ಮನ್ಯಾಗ ನಿಂತ ನೋಡಿದೆ. ಮಾರಿ ಬಂದ್ರ ಕೈ ಬರೂದಿಲ್ಲ, ಕೈ ಬಂದ್ರ ವಲಿ ಬರೂದಿಲ್ಲ. ಹಿಂದ ಸರೀಬೇಕಂದ್ರ ಬೆನ್ನಿಗೆ ಗ್ವಾಡಿ. ನನಗ ಫೋಟೋ ತಗೀಲಿಕ್ಕೆ ಬರೂದಿಲ್ಲಂತ ತಿಳಕೊಂಡೆ. ಕ್ಯಾಮೆರಾ ಮ್ಯಾಲ ಹೋತು.

ಅತ್ತಿ ಎರಡ ವರ್ಷದ ಹಿಂದ ಹೋದ್ರು. ಹದಿಮೂರನೇ ದಿನಕ್ಕ ಇಡ್ಲಿಕ್ಕೆ ಒಂದ ಫೋಟೋ ಹುಡುಕಿದ್ವಿ. ನಾ ಐವತ್ತರಾಗ ತಗದಿದ್ದು ಒಂದ ಸಿಕ್ತು. ಮಾರಿ ಅಗದಿ ಸ್ಪಷ್ಟ, ಮೂಗಬಟ್ಟಿನ ಹರಳೂ ಕಾಣ್ತದ, ಹಿಂದ ಎಲ್ಲಾ ಬೂದಿ ಬಣ್ಣದ ಮಸಕ. ಬಂದವರೆಲ್ಲಾ "ಎಷ್ಟ ಛಂದ ಬಂದದ" ಅಂದ್ರು. ನನ್ನ ಮಗಳು ಮಾತ್ರ ಕೇಳಿದ್ಲು, "ಅಜ್ಜಿ ಇದರಾಗ ಎಲ್ಲೆ ನಿಂತಾರ?"

ನಂಗ ಹೇಳ್ಲಿಕ್ಕೆ ಆಗಲಿಲ್ಲ. ಯಾವದೋ ಸ್ಟುಡಿಯೋದ ಪಡದೆ ಮುಂದ ನಿಂತಾರ ಅಂದ್ರೂ ನಂಬಬೇಕು. ನಲವತ್ತ ವರ್ಷ ಅವರು ನಿಂತ ವಲಿ ಕಟ್ಟಿ, ಅವರ ಹೆಸರ ಕೊರದ ಹಿತ್ತಾಳಿ ಡಬ್ಬಿ, ಹಾಲಿನ ಲೆಕ್ಕ ಬರದ ಕ್ಯಾಲೆಂಡರು, ಇವ್ಯಾವೂ ಒಂದ ಫೋಟೋದಾಗೂ ಅವರ ಜೋಡಿ ಇಲ್ಲ. ಕ್ಯಾಮೆರಾ ಮನ್ಯಾಗ ಇತ್ತು, ರೊಕ್ಕ ನನ್ನದ ಇತ್ತು, ಅತ್ತಿ ಕಣ್ಣ ಮುಂದ ಇದ್ರು.

ಈಗ ಆ "ಐವತ್ತು" ಅನ್ನೋ ಮಂತ್ರಕ್ಕ ಬರ್ತೇನಿ. ಅದು ಸುಳ್ಳಲ್ಲ, ಹಳೇದು. ರೀಲ್ ಕ್ಯಾಮೆರಾ ಕಾಲದಾಗ ಫಿಲ್ಮಿನ ಚೌಕ 36 ಮಿಲಿಮೀಟರ್ ಅಗಲ, 24 ಎತ್ತರ ಇರ್ತಿತ್ತು. ಆ ಚೌಕದ ಮೂಲಿಯಿಂದ ಮೂಲಿಗೆ ಅಳದ್ರ 43 ಆಗ್ತದ. ಅದರ ಹತ್ರ ಬರೋ ಲೆನ್ಸಿಗೆ ನಾರ್ಮಲ್ ಅಂತಿದ್ರು, ಹಂಗಾಗಿ ಐವತ್ತು ನಾರ್ಮಲ್ ಆತು. ಇವತ್ತೂ ಫುಲ್ ಫ್ರೇಮ್ ಅನ್ನೋ ದೊಡ್ಡ ಕ್ಯಾಮೆರಾದಾಗ ಅದ ಅಳತಿ. ಆದ್ರ ನಮ್ಮಂಥವರ ಮನಿಗೆ ಬರೋ ಮಿರರ್‌ಲೆಸ್ ಭಾಳಷ್ಟು ಎಪಿಎಸ್-ಸಿ. ಅದರ ಸೆನ್ಸರ್ ಅಗಲ ಸುಮಾರ 23.5 ಮಿಲಿಮೀಟರ್, ಮೂಲಿಯಿಂದ ಮೂಲಿಗೆ ಸುಮಾರ 28. ಅದರ ಮ್ಯಾಲ ಐವತ್ತರ ಲೆನ್ಸ್ ಕೂಡಿಸಿದ್ರ ದೊಡ್ಡ ಕ್ಯಾಮೆರಾದಾಗಿನ 75ರಂಗ ಕೆಲಸಾ ಮಾಡ್ತದ. ಅಂದ್ರ ಮಾರಿ ಫೋಟೋದ ಲೆನ್ಸು. ಅಪ್ಪನ ಅಂಗಿ ಅಳತಿ ಹೇಳಿ ಮಗಳ ಕುಪ್ಪಸ ಹೊಲಿಸಿಧಂಗ ಆತು.

ಇವರ ಮಾತು ಬಿಡ್ರಿ, ಲೆಕ್ಕಾ ನೀವ ಮಾಡ್ರಿ. ಪಾವ್ ಅಕ್ಕಿಗೆ ಎಷ್ಟ ನೀರು ಅನ್ನೋದಕ್ಕಿಂತ ಸರಳದ. ನೀವು ನಿಂತ ದೂರಾನ ಸೆನ್ಸರ್ ಅಗಲದಿಂದ ಗುಣಿಸ್ರಿ, ಲೆನ್ಸಿನ ನಂಬರಿನಿಂದ ಭಾಗಿಸ್ರಿ. ಫೋಟೋದಾಗ ಎಷ್ಟ ಅಗಲದ ಜಾಗಾ ಬರ್ತದ ಅಂತ ಉತ್ತರ ಸಿಗ್ತದ.

ನಮ್ಮ ಅಡಗಿ ಮನಿ ಬಾಗಲದಾಗ ನಿಂತ್ರ ವಲಿ ಕಟ್ಟಿ ಏಳ ಫೂಟು. ಐವತ್ತರ ಲೆನ್ಸಿಗೆ, ಏಳನ್ನ 23.5ರಿಂದ ಗುಣಿಸಿ ಐವತ್ತರಿಂದ ಭಾಗಿಸಿದ್ರ 3.3 ಫೂಟು. ಎತ್ತರ ಇನ್ನೂ ಕಡಿಮಿ, ಎರಡ ಫೂಟಿನ ಮ್ಯಾಲ ಸ್ವಲ್ಪ. ಒಬ್ಬಾಕಿ ಹೆಣ್ಣಮಗಳು ಎರಡೂ ಕೈ ಚಾಚಿ ರೊಟ್ಟಿ ಬಡದ್ರ ಅಷ್ಟರಾಗ ಹೆಂಗ ಕೂಡ್ತಾಳ? ಅದ ಬಾಗಲದಾಗ ನಿಂತು 24ರ ಲೆನ್ಸ್ ಹಾಕಿದ್ರ ಅಗಲ ಹತ್ರಹತ್ರ ಏಳ ಫೂಟು, ಎತ್ತರ ನಾಲ್ಕೂವರಿ. ರೊಟ್ಟಿ ಬಂತು, ಕಲಬತ್ತ ಬಂತು, ಕ್ಯಾಲೆಂಡರ್ ಬಂತು, ಅತ್ತಿ ಬಂದ್ರು. ಅಂದ್ರ, ಬರಬೇಕಾಗಿತ್ತು.

ಇದರಾಗಿಂದ ಒಂದ ಗುಟ್ಟ ಸಿಗ್ತದ, ಸೆರಗಿಗೆ ಗಂಟ ಹಾಕ್ಕೋರಿ. ಸೆನ್ಸರ್ ಅಗಲ ಎಷ್ಟೋ ಲೆನ್ಸ್ ನಂಬರೂ ಅಷ್ಟರ ಹತ್ರ ಇದ್ರ, ನೀವು ಎಷ್ಟ ದೂರ ನಿಂತೀರೋ ಅಷ್ಟ ಅಗಲ ಬರ್ತದ. ಎಂಟ ಫೂಟ ದೂರ ನಿಂತ್ರ ಎಂಟ ಫೂಟ ಅಗಲ. ಎಪಿಎಸ್-ಸಿ ಕ್ಯಾಮೆರಾಕ್ಕ 22ರಿಂದ 24, ಮೈಕ್ರೋ ಫೋರ್ ಥರ್ಡ್ಸ್ ಅನ್ನೋ ಇನ್ನೂ ಸಣ್ಣ ಸೆನ್ಸರಿಗೆ 17, ಫುಲ್ ಫ್ರೇಮಿಗೆ 35. ಹತ್ತ ಹನ್ನೆರಡ ಫೂಟಿನ ಖೋಲಿಯೊಳಗ ಸಂಸಾರ ಮಾಡೋ ನಮ್ಮಂಥವರಿಗೆ ಇದ ಅಳತಿ. ಕೂಸಿನ ತೊಟ್ಲಾ, ತೂಗೋ ಅಜ್ಜಿ, ಬಾಗಲದಾಗ ನಿಂತ ಅಪ್ಪ, ಮೂರೂ ಒಂದ ಫೋಟೋದಾಗ ಬರಬೇಕಂದ್ರ ಇದ ಬೇಕು.

ಇನ್ನ "ಹಿಂದಿಂದೆಲ್ಲಾ ಕರಗಿಸೋ" ಮಾತು. ಈ ಮಸಕಿಗೆ ಬೊಕೆ ಅಂತ ಹೆಸರಿಟ್ಟು ಅದಕ್ಕ ಪೂಜಾ ಮಾಡ್ತಾರ. ಗಾರ್ಡನ್ಯಾಗ ಮದುವಿ ಹೆಣ್ಣಿನ ಫೋಟೋ ತಗೀಲಿಕ್ಕೆ ಛಂದ ಇರ್ತದ, ನಾ ಇಲ್ಲ ಅನ್ನೂದಿಲ್ಲ. ಆದ್ರ ಮನ್ಯಾಗ ಹಿಂದ ಇರೋದ ಏನು? ನಾವು ದಿನಾ ತಿಕ್ಕಿ ಒರಸಿ ಹೊಂದಿಸಿಟ್ಟ ಮನಿ. ಅದನ್ನ "ಪಸಾರಾ ಕಾಣಬಾರದು" ಅಂತ ಮಸಕ ಮಾಡೋದಂದ್ರ ನಮ್ಮ ಕೆಲಸಾ ಅಳಿಸಿ ಹಾಕಿಧಂಗ. ಹೆಣ್ಣಮಗಳ ಮಾರಿ ಅಷ್ಟ ಇಟ್ಟು ಅಕಿ ಮಾಡಿದ್ದೆಲ್ಲಾ ತಗದ ಬಿಟ್ರ ಅಕಿ ಫೋಟೋ ಹೆಂಗ ಆಗ್ತದ? ಇಪ್ಪತ್ತ ವರ್ಷದ ಮ್ಯಾಲ ಮೊಮ್ಮಕ್ಕಳು ನೋಡೋದ ಆ ಪಸಾರಾನ. "ಅಜ್ಜಿ ಮನ್ಯಾಗ ಇಂಥಾ ಮಿಕ್ಸರ್ ಇತ್ತಾ? ಈ ಗಡಗಿ ಈಗ ಎಲ್ಲದ?" ಅಂತ ಕೇಳ್ತಾರ.

"ಹಂಗಾರ ಕ್ಯಾಮೆರಾ ಜೋಡಿ ಬಂದ ಸಣ್ಣ ಝೂಮೇ ಸಾಕಲ್ಲ, ಅದರಾಗ 24ನೂ ಅದ, ಹಗರೂ ಅದ" ಅಂತ ಬಾಜೂ ಮನಿ ವೈನಿ ಕೇಳಿದ್ರು. ಇದು ಶಾಣ್ಯಾ ಪ್ರಶ್ನೆ. ಹಗಲಹೊತ್ತ, ಅಂಗಳದಾಗ, ಸಾಕು. ಆದ್ರ ನಮ್ಮ ಜೀವನ ನಡಿಯೋದ ಮುಂಜಾನೆ ಐದೂವರಿಗೆ ಮತ್ತ ಸಂಜಿ ದೀಪಾ ಹಚ್ಚಿದ ಮ್ಯಾಲ. ಆ ಝೂಮ್ 24ರ ಹತ್ರ ಇಟ್ಟಾಗ ಅದರ ಬಾಯಿ ತಗಿಯೋದು ಎಫ್ 4.5ರ ಹತ್ರ. ಪ್ರೈಮ್ ಎಫ್ 1.7ರ ತನಕಾ ತಗೀತದ. ಈ ನಂಬರ್ ಸಣ್ಣದಾದಷ್ಟ ಬಾಯಿ ದೊಡ್ಡದು. 4.5ನ್ನ 1.7ರಿಂದ ಭಾಗಿಸಿ, ಬಂದಿದ್ದನ್ನ ಅದರಿಂದನ ಗುಣಿಸ್ರಿ. ಏಳು. ಅದ ಬಲ್ಬಿನ್ಯಾಗ ಏಳ ಪಟ್ಟ ಬೆಳಕ ಒಳಗ ಬರ್ತದ. ಝೂಮಿನ್ಯಾಗ ಸೆಕೆಂಡಿನ ಹದಿನೈದನೇ ಪಾಲು ಬೇಕಾಗೋ ಫೋಟೋ ಇದರಾಗ ಸೆಕೆಂಡಿನ ನೂರನೇ ಪಾಲಿನ್ಯಾಗ ಆಗ್ತದ. ಹದಿನೈದನೇ ಪಾಲಿನ್ಯಾಗ ರೊಟ್ಟಿ ಬಡಿಯೋ ಕೈ ಹೊಗಿ ಆಗ್ತದ, ಕಾಲ ಝಾಡಸೋ ಕೂಸು ಎರಡ ಕೂಸ ಆಗ್ತದ. ನೂರನೇ ಪಾಲಿನ್ಯಾಗ ನಿಲ್ತಾವ. ಫ್ಲಾಶ್ ಬ್ಯಾಡ, ಮಲಗಿದ ಕೂಸು ಬೆಚ್ಚೂದಿಲ್ಲ.

"ಫೋನ್ ಇರಬೇಕಾದ್ರ ಇದೆಲ್ಲಾ ಯಾಕ?" ಅನ್ನೋರು ಇದ್ದಾರ. ಮನ್ಯಾಗ ಕ್ಯಾಮೆರಾ ಇಲ್ಲದಿದ್ರ, ಫೋನಿನ್ಯಾಗ ನಿಮಗ ಸಮಾಧಾನ ಇದ್ರ, ಏನೂ ತಗೋಬ್ಯಾಡ್ರಿ. ರೊಕ್ಕ ಉಳೀತದ. ನಾ ಹೇಳೋದು ಆಗಲೇ ಕ್ಯಾಮೆರಾಕ್ಕ ರೊಕ್ಕ ಹಾಕಿ ಅದನ್ನ ಕಪಾಟಿನ್ಯಾಗ ಮಲಗಿಸಿದವರಿಗೆ. ಅದೂ ಕಪಾಟಿನ್ಯಾಗ ಸುಮ್ಮನ ಕೂಡೂದಿಲ್ಲ. ನಮ್ಮ ಧಾರವಾಡ ಮಳಿಗೆ ಕತ್ತಲದಾಗ ಮುಚ್ಚಿಟ್ಟ ಲೆನ್ಸಿನ ಒಳಗ ಬೂಷ್ಟ ಬೆಳೀತದ. ನನ್ನ ಐವತ್ತಕ್ಕ ಬೆಳದದ. ಉಪ್ಪಿನಕಾಯಿ ಬೂಷ್ಟ ಮ್ಯಾಲಿಂದ ತಗದ ಒಗೀಬಹುದು, ಲೆನ್ಸಿನ ಒಳಗಿಂದು ಬಿಚ್ಚಿ ತೊಳಸಬೇಕು. ದಿನಾ ಗಾಳಿ ಬೆಳಕ ಕಾಣೋ ಲೆನ್ಸಿಗೆ ಈ ಕಾಟ ಕಡಿಮಿ.

ಝೂಮ್ ಇಲ್ಲದ ಹೆಂಗ ನಡೀತದ ಅಂತ ಹೆದರೋರಿಗೆ ಒಂದ ಹೆಸರ ಹೇಳ್ತೇನಿ, ಹೋಮಾಯ್ ವ್ಯಾರಾವಾಲಾ. 1913ರಾಗ ಗುಜರಾತದ ನವಸಾರಿಯೊಳಗ ಹುಟ್ಟಿದವರು, ನಮ್ಮ ದೇಶದ ಮೊದಲನೇ ಪತ್ರಿಕಾ ಛಾಯಾಗ್ರಾಹಕಿ ಅಂತ ಅವರಿಗೆ ಹೆಸರು. ಸೀರಿ ಉಟ್ಕೊಂಡು, ಸೈಕಲ್ ಮ್ಯಾಲ ದಿಲ್ಲಿ ತಿರುಗಿ ಫೋಟೋ ತಗದ್ರು. ನೆಹರೂ ಪಾರಿವಾಳ ಹಾರಸೋ ಫೋಟೋ ನೋಡೀರಲ್ಲ, ಅದು ಅವರದ. 2011ರಾಗ ಪದ್ಮವಿಭೂಷಣ ಬಂತು. ಅವರ ಕೈಯಾಗಿದ್ದ ರೋಲಿಫ್ಲೆಕ್ಸ್ ಕ್ಯಾಮೆರಾದ ಲೆನ್ಸು ಕಟ್ಟಿ ಕೂಡಿಸಿದ್ದು, ಝೂಮೂ ಇಲ್ಲ, ಬದಲಿಸಲಿಕ್ಕೂ ಬರೂದಿಲ್ಲ. ಬೇಕಾದಲ್ಲೆ ಅವರ ಹೋಗಿ ನಿಂತ್ರು. ನಾವು ದಿನಕ್ಕ ಅಡಗಿ ಮನಿಯಿಂದ ಪಡಸಾಲಿಗೆ ನೂರ ಸಲ ಓಡಾಡೋರು, ಎರಡ ಹೆಜ್ಜಿ ಮುಂದ ಇಡ್ಲಿಕ್ಕೆ ಆಗೂದಿಲ್ಲೇನು?

ಹಂಗಾರ ಯಾವದು ತಗೋಬೇಕು? ಮೊದಲ ನಿಮ್ಮ ಕ್ಯಾಮೆರಾದ ಕಂಪನಿ ನೋಡ್ರಿ, ಒಬ್ಬರ ಲೆನ್ಸ್ ಇನ್ನೊಬ್ಬರ ಕ್ಯಾಮೆರಾಕ್ಕ ಸೀದಾ ಕೂಡೂದಿಲ್ಲ. ನಿಕಾನ್ ಎಪಿಎಸ್-ಸಿ ಇದ್ರ ಝಡ್ ಡಿಎಕ್ಸ್ 24 ಎಫ್ 1.7 ಅದ, 135 ಗ್ರಾಂ. ಹತ್ತ ಫೂಟಿಗೆ ಹತ್ರಹತ್ರ ಹತ್ತ ಫೂಟ ಹಿಡೀತದ. ಫ್ಯೂಜಿ ಇದ್ರ 27 ಎಫ್ 2.8 ಅದ, 84 ಗ್ರಾಂ, ಹಪ್ಪಳಧಂಗ ತೆಳ್ಳಗ. ಹತ್ತ ಫೂಟಿಗೆ 8.7 ಫೂಟು. ಸೋನಿಯೊಳಗ 20 ಎಫ್ 2.8, 69 ಗ್ರಾಂ. ಇದು ಹತ್ತ ಫೂಟಿಗೆ ಹನ್ನೆರಡ ಫೂಟಿನ ಹತ್ರ ಹಿಡೀತದ, ಅಗದಿ ಸಣ್ಣ ಖೋಲಿಯವರಿಗೆ ಅಡ್ಡಿ ಇಲ್ಲ. ಕ್ಯಾನನ್ ಆರ್‌ಎಫ್‌ದಾಗ 28 ಎಫ್ 2.8, 120 ಗ್ರಾಂ. ಎಪಿಎಸ್-ಸಿ ಕ್ಯಾಮೆರಾದ ಮ್ಯಾಲ ಹತ್ತ ಫೂಟಿಗೆ ಎಂಟ ಫೂಟು. ಎಫ್ 2.8ರವು 1.7ರಷ್ಟ ಬೆಳಕ ಕುಡಿಯೂದಿಲ್ಲ, ಆದ್ರೂ 4.5ಕ್ಕಿಂತ ಎರಡೂವರಿ ಪಟ್ಟ ಹೆಚ್ಚು. ಸಂಜಿ ಫೋಟೋನೇ ಹೆಚ್ಚ ತಗಿಯೋರು 1.7, 1.8, 2 ಇರೋದ ನೋಡ್ರಿ. ಕಿಸೇದಾಗ ಇಟ್ಕೊಂಡ ತಿರಗೋರು ತೆಳ್ಳಂದ ನೋಡ್ರಿ.

ಇದರ ಐಬೂ ಹೇಳಬೇಕು, ಇಲ್ಲಾಂದ್ರ ನಾನೂ ಅಂಗಡಿಯವರಂಗ ಆಗ್ತೇನಿ. 24ರಾಗ ಒಂದ ಮಾರಿ ಫೋಟೋ ತಗೀಲಿಕ್ಕೆ ಭಾಳ ಹತ್ರ ಹೋದ್ರ ಮೂಗ ದೊಡ್ಡದ ಕಾಣ್ತದ. ನಾಲ್ಕ ಫೂಟ ದೂರ ನಿಂತ ತಗದು ಆಮ್ಯಾಲ ಕತ್ತರಿಸ್ರಿ. ಗ್ರೂಪ್ ಫೋಟೋದಾಗ ತುದಿಗೆ ನಿಂತವರು ಸ್ವಲ್ಪ ಹಿಗ್ಗಿಧಂಗ ಕಾಣ್ತಾರ, ಅಲ್ಲೆ ಸೊರಗಿದವರನ್ನ ನಿಲ್ಲಸ್ರಿ, ನನ್ನ ನಡುವ ನಿಲ್ಲಸ್ರಿ. ಮಕ್ಕಳ ಗ್ಯಾದರಿಂಗ್ ಸ್ಟೇಜ್ ಮ್ಯಾಲಿಂದು ಇದರಾಗ ಬರೂದಿಲ್ಲ, ಅದಕ್ಕ ಝೂಮೇ ಬೇಕು. ವರ್ಷಕ್ಕೊಮ್ಮೆ ಬರೋ ಗ್ಯಾದರಿಂಗಿನ ಸಲುವಾಗಿ ವರ್ಷಿಡೀ ಭಾರ ಹೊರೋದು ಬ್ಯಾಡ ಅನ್ನೋದಷ್ಟ ನನ್ನ ಮಾತು.

ಅಂಗಡಿಗೆ ಹೋಗೋಕಿಂತ ಮೊದಲ ಎಂಟ ದಿನ ಒಂದ ಕೆಲಸಾ ಮಾಡ್ರಿ. ಮನ್ಯಾಗಿನ ಝೂಮಿನ ಉಂಗರಾ 24ಕ್ಕ ತಂದು, ಮ್ಯಾಲ ಒಂದ ಚೂರು ಕಾಗದದ ಟೇಪ್ ಹಚ್ಚಿ ಬಿಡ್ರಿ. ಅಲುಗಾಡಸಬ್ಯಾಡ್ರಿ. ನಾಕ ದಿನ ಆದ ಮ್ಯಾಲ ಇಕ್ಕಟ್ಟ ಅನಸಿದ್ರ 20 ಮಾಡಿ ನೋಡ್ರಿ, ಬಯಲ ಅನಸಿದ್ರ 28, 35 ಮಾಡಿ ನೋಡ್ರಿ. ಹಳೇ ಫೋಟೋ ಇದ್ರ ಅವುಗಳ ಮಾಹಿತಿ ತಗದ್ರ ಯಾವ ನಂಬರಿನ್ಯಾಗ ತಗದೀರಿ ಅಂತ ಬರದಿರ್ತದ. ಹೆಚ್ಚ ಯಾವದ ಬಂದದೋ ಅದ ನಿಮ್ಮ ಮನಿ ಅಳತಿ. ಇದಕ್ಕ ಖರ್ಚ ಇಲ್ಲ, ಮೈದುನನ ಅಭಿಪ್ರಾಯಾನೂ ಬೇಕಾಗೂದಿಲ್ಲ.

ನಾ 135 ಗ್ರಾಂದ 24 ತಗೊಂಡ ಒಂದ ವರ್ಷ ಆತು. ಕ್ಯಾಮೆರಾ ಈಗ ಚೀಲದಾಗ ಇಲ್ಲ, ಫ್ರಿಜ್ಜಿನ ಮ್ಯಾಲ ಇರ್ತದ, ಕುಂಕುಮದ ಭರಣಿ ಬಾಜೂಕ. ಎರಡೂ ಕೂಡಿ 585 ಗ್ರಾಂ. ಒಂದ ಕೈಯಾಗ ಸವಟ ಇದ್ರೂ ಇನ್ನೊಂದ ಕೈಯಾಗ ಹಿಡೀಬಹುದು. ನಮ್ಮ ಮಾವಶಿ ಬಂದಾಗ ಸಂಡಿಗಿ ಇಡೋದು, ಹಾಲಿನ ಹುಡುಗ ಲೆಕ್ಕಾ ಮಾಡೋದು, ನಮ್ಮನಿಯವರು ಕದ್ದ ಕೊಬ್ರಿ ತಿನ್ನೋದು, ಎಲ್ಲಾ ಬಂದಾವ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದದ. 865 ಗ್ರಾಂ ಇದ್ದಾಗ ನನ್ನ ಮಗಳಿಗೆ "ಮುಟ್ಟಬ್ಯಾಡ, ಬೀಳಿಸ್ತಿ" ಅಂತಿದ್ದೆ. ಈಗ ಅಕಿ ತಾನ ಎತ್ಕೋತಾಳ. ಹೋದ ಶ್ರಾವಣ ಶುಕ್ರವಾರ ನಾ ಹೋಳಗಿ ಲಟ್ಟಸಬೇಕಾದ್ರ ಬಾಗಲದಾಗ ನಿಂತು ನಂದ ಒಂದ ಫೋಟೋ ತಗದಾಳ. ಹಣಿ ಮ್ಯಾಲ ಹಿಟ್ಟು, ಸೆರಗ ಸೊಂಟಕ್ಕ, ಹಿಂದ ಅತ್ತಿಯವರ ಹಿತ್ತಾಳಿ ಡಬ್ಬಿ. ಮದುವಿ ಕಾರ್ಯ ಬಿಟ್ರ, ಎಷ್ಟೋ ವರ್ಷದಾಗ ನಮ್ಮ ಮನಿಯೊಳಗ ನಾ ಇರೋ ಫೋಟೋ ಅದ ಮೊದಲನೇದು. ಫೋಟೋ ತಗಿಯೋಕಿ ನಾನ ಆದ್ರ ನಾ ಎಲ್ಲಿಂದ ಬರಬೇಕು? ಕ್ಯಾಮೆರಾ ಇನ್ನೊಬ್ಬರ ಕೈಗೆ ಹೋಗುವಷ್ಟ ಹಗರ ಆದಾಗ ಬಂದೆ.

ಅದಕ್ಕ ನಾದಿನಿ ಮಗಳಿಗೆ ನನ್ನ ಉತ್ತರ ಇದು. ಸಣ್ಣದು ಅಂತ ನೀ ಅಂದಿದ್ದ ಖರೇ ಅದ ಕೂಸ, ಅದನ್ನ ಬಿಡಬ್ಯಾಡ. ಬಾಣಂತಿ ಖೋಲಿಯೊಳಗ ಹೊಲಿಗಿ ಟೇಪ್ ತಗೊಂಡು ಬಾಗಲದಿಂದ ತೊಟ್ಲದ ತನಕಾ ಅಳಿ, ಅಷ್ಟ ಅಗಲ ಹಿಡಿಯೋ ಲೆನ್ಸ್ ತಗೋ. ಹಕ್ಕಿ ಬೇಕನ್ನೋರು ತಮ್ಮ ರೊಕ್ಕದಾಗ ತಗೊಳ್ಲಿ.

ಉಳದವರು ಬೇಕಾದ್ರ ನನ್ನ ಲೆನ್ಸ್ ಎಂಟ ದಿನ ಒಯ್ದ ನೋಡ್ರಿ, ನಿಕಾನ್ ಇದ್ದವರು ಅಷ್ಟ. ಆದ್ರ ವಾಪಸ್ ಕೊಡಬೇಕಾದ್ರ ನಿಮ್ಮತ್ತೀದೋ ನಿಮ್ಮವ್ವಂದೋ ಅಡಗಿ ಮನಿ ಫೋಟೋ ಒಂದರ ಅದರಾಗ ಇರಬೇಕು. ಚೀಲದಾಗಿಟ್ಟು ಹಂಗ ವಾಪಸ್ ತಂದ್ರ ಮುಂದಿನ ಸಲ ಕೊಡೂದಿಲ್ಲ.